ಭರ್ತಿಯ ದಿನ ಸರಿಯಿದ್ದ ಕಾಲು

ಬೆಳಗಿನ ಜಾವ ಕನಕಪುರ, ಚನ್ನಪಟ್ಟಣಗಳಲ್ಲಿ ಸೇನಾ ಭರ್ತಿಗೆಂದು ಓಟ ಅಭ್ಯಾಸ ಮಾಡುವ ಹುಡುಗರಿಗೆ ಒಂದು ಅಳುಕು ಇದ್ದೇ ಇರುತ್ತದೆ: ಚಪ್ಪಟೆ ಪಾದವೆಂದೋ, ಮಂಡಿಗೆ ಮಂಡಿ ತಾಗುತ್ತದೆಂದೋ ಡಾಕ್ಟರು ಹಿಂದಕ್ಕೆ ಕಳಿಸಿಬಿಟ್ಟರೆ? ಕಾಲು, ಕೀಲು ಎಲ್ಲವನ್ನೂ ಪರೀಕ್ಷಿಸಿದ ಮೇಲೆಯೇ ಅವರು ‘ಫಿಟ್’ ಎಂದು ಬರೆಯುವುದು. ಆ ಒಂದು ಪದದ ಬೆಲೆ ತಿಳಿಯುವುದು ಎಷ್ಟೋ ವರ್ಷಗಳ ನಂತರ.

ಮಾಗಡಿ ಕಡೆಯ ಯೋಧರೊಬ್ಬರು ನಿವೃತ್ತರಾಗುತ್ತಿದ್ದಾರೆ ಎಂದುಕೊಳ್ಳಿ. ಭಾರ ಹೊತ್ತು ಬೆಟ್ಟ ಹತ್ತಿಳಿದು ಮಂಡಿ ಸವೆದಿದೆ. ಪಾದ ಊರಿದರೆ ನೋವು. ಬಿಡುಗಡೆಗೆ ಮುನ್ನ ಮೆಡಿಕಲ್ ಬೋರ್ಡು ಎರಡು ವಿಷಯ ತೀರ್ಮಾನಿಸುತ್ತದೆ. ಊನ ಶೇಕಡ ಎಷ್ಟು? ಅದು ಸೇವೆಯಿಂದ ಬಂದದ್ದೋ, ಇಲ್ಲವೇ ಸೇವೆಯಿಂದ ಉಲ್ಬಣಿಸಿದ್ದೋ? ಅಂಗವಿಕಲ ಪಿಂಚಣಿಗೆ ಸಾಮಾನ್ಯವಾಗಿ ಕನಿಷ್ಠ ಶೇ 20 ಊನವೂ ಬೇಕು, ಸೇವೆಯ ಸಂಬಂಧವೂ ಬೇಕು.

‘ಸಂಬಂಧವಿಲ್ಲ’ ಎಂದು ಉತ್ತರ ಬಂದರೆ ಕಥೆ ಮುಗಿಯಿತೆ? ಇಲ್ಲ. ಎರಡು ಹಂತದ ಮೇಲ್ಮನವಿ ಇದೆ. ಅಲ್ಲೂ ಸೋತರೆ, 2007ರ ಕಾಯ್ದೆಯಡಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕೊನೆಯ ಆದೇಶದ 6 ತಿಂಗಳೊಳಗೆ ಅಲ್ಲಿಗೆ ಅರ್ಜಿ ಹಾಕಬೇಕು.

ಇಲ್ಲಿಯೇ ಹಳೆಯ ‘ಫಿಟ್’ ಕೆಲಸಕ್ಕೆ ಬರುವುದು. 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಸೇರುವಾಗ ದಾಖಲೆಯಲ್ಲಿ ಇರದಿದ್ದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆನ್ನುವ ಬೋರ್ಡು ಕಾರಣ ಬರೆಯಬೇಕು. ಆ ಸೈನಿಕನದು ಮೂರ್ಛೆರೋಗ. ಆದರೂ ಅದೇ ವಾದ ಮಂಡಿಗೂ ಪಾದಕ್ಕೂ ಸಲ್ಲುತ್ತದೆ. 2014ರ ರಾಮ್ ಅವತಾರ್ ತೀರ್ಪಿನಿಂದ, ಪೂರ್ಣಾವಧಿ ಮುಗಿಸಿ ನಿವೃತ್ತರಾದವರ ಶೇ 20ರ ಊನವನ್ನೂ ಪಿಂಚಣಿಗೆ ಶೇ 50 ಎಂದು ಲೆಕ್ಕ ಹಾಕುವ ದಾರಿಯಾಯಿತು.

ಆದರೆ ಎಚ್ಚರ. ಆ 2013ರ ತೀರ್ಪು 1982ರ ನಿಯಮಗಳನ್ನು ಆಧರಿಸಿದ್ದು. 2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ ಹೊಸ ನಿಯಮಗಳಿವೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರುವವರಿಗೆ ಲೆಕ್ಕವೇ ಬೇರೆ: ಸೇವೆಯಿಂದಾದ ಶೇ 100, 75, 50ರ ಊನಕ್ಕೆ ಕ್ರಮವಾಗಿ 44, 25, 15 ಲಕ್ಷ ರೂಪಾಯಿ ಒಂದೇ ಬಾರಿಯ ಪರಿಹಾರ.

ಹಾಗಾಗಿ ಮಗ ಸೇನೆಗೆ ಹೊರಟಾಗ ತಂದೆತಾಯಿ ಹೇಳಬೇಕಾದ ಬುದ್ಧಿಮಾತು ಒಂದಿದೆ. ಕಾಲು ಉಳುಕಿದರೆ ನಾಚಿಕೆಪಟ್ಟು ಮುಚ್ಚಿಡಬೇಡ; ಆಸ್ಪತ್ರೆಗೆ ಹೋಗು, ಬರೆಸು, ಪ್ರತಿ ಇಟ್ಟುಕೋ. ನೋವನ್ನು ಯಾರೂ ಅಳೆದು ನೋಡಲಾರರು. ಮೇಲ್ಮನವಿಯಲ್ಲಿ ಮಾತಾಡುವುದು ಕಾಗದವೇ.