ಆರು ಗೆರೆಗಳ ಮೇಲಿನ ಅಂಕಿಗಳು

ಕುಷ್ಟಗಿಯಲ್ಲಿಯೋ ಯಲಬುರ್ಗಾದಲ್ಲಿಯೋ ಇರುವ ವಿದ್ಯಾರ್ಥಿಯೊಬ್ಬನು ಗಿಟಾರನ್ನು ಕೊಂಡು ತಂದನೆನ್ನೋಣ. ಕಲಿಸುವ ಗುರುಗಳು ಸಮೀಪದಲ್ಲಿಲ್ಲ. ಕೈಯಲ್ಲಿರುವುದು ಆರು ಅಡ್ಡಗೆರೆಗಳ ಮೇಲೆ ಅಂಕಿಗಳನ್ನು ಪೋಣಿಸಿದ ಒಂದು ಹಾಳೆ ಮಾತ್ರ. ಇದಕ್ಕೆ ಟ್ಯಾಬ್ಲೇಚರ್ ಎಂದು ಹೆಸರು. ರೂಢಿಯಲ್ಲಿ ಟ್ಯಾಬ್ ಎನ್ನುವರು. ಹಾಳೆಯ ಮೇಲ್ಗೆರೆಯೇ ವಾದ್ಯದ ಮೇಲ್ತಂತಿ ಎಂದು ಅವನು ಭಾವಿಸಿದನೋ, ಹಾಡೆಲ್ಲ ತಲೆಕೆಳಗಾಯಿತು! ವಾದ್ಯ ಕೆಟ್ಟಿದೆಯೆಂದೋ ತನಗೆ ಸ್ವರಜ್ಞಾನವಿಲ್ಲವೆಂದೋ ಬಗೆದು ಕೈಬಿಡುವವರು ಹಲವರು.

ಮೇಲಿನ ಗೆರೆ ಅತಿ ತೆಳುವಾದ, ಅತಿ ಎತ್ತರದ ಸ್ವರವುಳ್ಳ ತಂತಿ. ಕೆಳಗಿನದು ದಪ್ಪ ತಂತಿ. ಗಿಟಾರನ್ನು ಮುಖ ಮೇಲಾಗಿ ಮಡಿಲಲ್ಲಿ ಮಲಗಿಸಿ ನೋಡಿದರೆ ತೆಳುತಂತಿ ನಮ್ಮಿಂದ ದೂರದ ಅಂಚಿನಲ್ಲಿ ಕಾಣುವುದು, ಹಾಳೆಯೂ ಹಾಗೆಯೇ. ಅಂಕಿಯು ಬೆರಳಿನ ಸಂಖ್ಯೆಯಲ್ಲ, ಒತ್ತಬೇಕಾದ ಮೆಟ್ಟಿನ ಸಂಖ್ಯೆ. ಸೊನ್ನೆಯಿದ್ದರೆ ಒತ್ತದೆಯೇ ಮೀಟಬೇಕು. ಒಂದರ ಮೇಲೊಂದು ನಿಂತ ಅಂಕಿಗಳನ್ನು ಒಟ್ಟಿಗೆ ನುಡಿಸಬೇಕು.

ತಂತಿ, ಮೆಟ್ಟು ಇವೆರಡರಿಂದ ಸ್ವರವನ್ನು ಗುರುತಿಸುವ ಕ್ರಮ ನಮ್ಮ ಸೀಮೆಗೆ ಹೊಸದಲ್ಲ. ಗಂಗಾವತಿಯ ಬಳಿಯ ಆನೆಗೊಂದಿಯಿಂದ ತುಂಗಭದ್ರೆಯನ್ನು ದಾಟಿದರೆ ವಿಜಯನಗರ. ಅಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು ೧೫೫೦ರಲ್ಲಿ 'ಸ್ವರಮೇಳಕಲಾನಿಧಿ'ಯನ್ನು ಸಂಸ್ಕೃತದಲ್ಲಿ ರಚಿಸಿದನು. ಅವನ ಶುದ್ಧಮೇಳ ವೀಣೆಯ ನಾಲ್ಕು ಮುಖ್ಯ ತಂತಿಗಳ ಶ್ರುತಿ ಕ್ರಮವಾಗಿ ಷಡ್ಜ, ಪಂಚಮ, ಷಡ್ಜ, ಮಧ್ಯಮ. ಆರು ಮೆಟ್ಟುಗಳಲ್ಲಿ ಪ್ರತಿಯೊಂದೂ ಯಾವ ತಂತಿಯಲ್ಲಿ ಯಾವ ಸ್ವರವನ್ನು ಕೊಡುವುದೆಂದು ಅವನು ಹೇಳಿದ್ದಾನೆ. ಎರಡನೆಯ ತಂತಿಯ ಐದನೆಯ ಮೆಟ್ಟಿನಲ್ಲಿ ಷಡ್ಜ. ಮೂರನೆಯ ತಂತಿಯನ್ನು ಒತ್ತದೆ ಮೀಟಿದರೂ ಅದೇ ಷಡ್ಜ. ಗಿಟಾರಿನಲ್ಲಿಯೂ ಆರನೆಯ ತಂತಿಯ ಐದನೆಯ ಮೆಟ್ಟು ಬಿಡಿಯಾದ ಐದನೆಯ ತಂತಿಗೆ ಸಮಸ್ವರ. ಶ್ರುತಿ ಸರಿಯಿದೆಯೇ ಎಂದು ನೋಡಲು ಕಲಿಯುವವರು ಬಳಸುವ ಉಪಾಯವೇ ಇದು. ಮೂರನೆಯ ತಂತಿಯಿಂದ ಎರಡನೆಯದಕ್ಕೆ ಮಾತ್ರ ನಾಲ್ಕನೆಯ ಮೆಟ್ಟು.

ಇದಕ್ಕೆ ಕಾರಣ ತಂತಿಯ ಉದ್ದ. ಉದ್ದ ಕುಗ್ಗಿದಷ್ಟೂ ಕಂಪನಗಳು ಹೆಚ್ಚುವುವು. ಪ್ರತಿ ಮೆಟ್ಟಿಗೂ ಕಂಪನಸಂಖ್ಯೆ ೧.೦೫೯೫ ಪಟ್ಟು ಏರುವಂತೆ ಗಿಟಾರನ್ನು ಕಟ್ಟಿರುವರು. ತಂತಿ ೬೫ ಸೆಂಟಿಮೀಟರ್ ಇದ್ದರೆ ಐದನೆಯ ಮೆಟ್ಟಿನಲ್ಲಿ ೪೮.೭, ಹನ್ನೆರಡನೆಯದರಲ್ಲಿ ಸರಿಯಾಗಿ ಅರ್ಧ, ೩೨.೫ ಸೆಂಟಿಮೀಟರ್ ಉಳಿಯುವುದು. ಸೆಕೆಂಡಿಗೆ ೮೨.೪ ಸಲ ಕಂಪಿಸುವ ದಪ್ಪ ತಂತಿಯು ಐದನೆಯ ಮೆಟ್ಟಿನಲ್ಲಿ ೧೧೦ ಸಲ ಕಂಪಿಸುವುದು.

ಅಂಕಿಗಳ ನಡುವೆ ಬರುವ ಗುರುತುಗಳೇ ಹೊಸಬರನ್ನು ಹೆದರಿಸುವುವು. 'ಎಚ್' ಅಕ್ಷರವಿದ್ದರೆ ಮತ್ತೆ ಮೀಟದೆ ಮುಂದಿನ ಮೆಟ್ಟನ್ನು ಬೆರಳಿನಿಂದ ಬಡಿಯಬೇಕು. 'ಪಿ' ಇದ್ದರೆ ಬೆರಳನ್ನು ಸೆಳೆದು ಹಿಂದಿನ ಮೆಟ್ಟಿಗೆ ಇಳಿಯಬೇಕು. ಓರೆಗೆರೆಯು ಜಾರು. ಅಲೆಯಂತಹ ಗೆರೆ ಕಂಪಿತಕ್ಕೆ ಹತ್ತಿರದ್ದು. ಕತ್ತರಿ ಗುರುತಿಗೆ ಸ್ವರವಿಲ್ಲ, ಅದುಮಿದ ತಂತಿಯ ಟಕ್ ಎಂಬ ಸದ್ದಷ್ಟೆ. 'ಬಿ' ಮಾತ್ರ ಬೇರೆ ಜಾತಿಯದು: ಇಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆಯುವುದರಿಂದ ಬದಲಾಗುವುದು ಉದ್ದವಲ್ಲ, ಬಿಗಿತ. ಸ್ವರವನ್ನು ಎರಡು ಮೆಟ್ಟಿನಷ್ಟು ಏರಿಸಲು ಬಿಗಿತವು ಸುಮಾರು ನಾಲ್ಕರಲ್ಲೊಂದು ಪಾಲು ಹೆಚ್ಚಬೇಕು. ಬೆರಳು ನೋಯುವುದರಲ್ಲಿ ಆಶ್ಚರ್ಯವೇನು!

ಈ ಲಿಪಿಗೆ ಒಂದು ದೊಡ್ಡ ಕೊರತೆಯುಂಟು. ಸಾಮಾನ್ಯವಾಗಿ ಸಿಗುವ ಹಾಳೆಗಳಲ್ಲಿ ಕಾಲದ ಸೂಚನೆಯಿರುವುದಿಲ್ಲ. ವೆನಿಸಿನಲ್ಲಿ ಪೆಟ್ರುಚಿಯು ೧೫೦೭ರಲ್ಲಿ ಅಚ್ಚುಹಾಕಿದ ಲ್ಯೂಟ್ ವಾದ್ಯದ ಪುಸ್ತಕದಲ್ಲಿ ಅಂಕಿಗಳ ಮೇಲೆ ಕಾಲಚಿಹ್ನೆಗಳನ್ನು ಕೊಡಲಾಗಿತ್ತು. ಐದು ಶತಮಾನಗಳ ಬಳಿಕ ನಾವು ಅದನ್ನು ಬಿಟ್ಟಿರುವುದು ಹಿನ್ನಡೆಯೆಂದೇ ನಮ್ಮ ಅಭಿಪ್ರಾಯ. ಆದುದರಿಂದ ಹಾಡನ್ನು ಮೊದಲು ಕೇಳಿ, ತಾಳ ಹಾಕಿ, ಅನಂತರ ಹಾಳೆಯನ್ನು ನೋಡುವುದು ಲೇಸು.

ಮೊದಲ ಅಭ್ಯಾಸಕ್ಕೆ ಪರದೇಶದ ಹಾಡೇ ಬೇಕೆಂದೇನೂ ಇಲ್ಲ. ಯಾವುದಾದರೂ ಒಂದೇ ತಂತಿಯ ಮೇಲೆ ೦, ೧, ೪, ೫, ೭, ೮, ೧೧, ೧೨ ಎಂದು ನುಡಿಸಿ ನೋಡಿ. ಕರ್ನಾಟಕ ಪದ್ಧತಿಯವರು ಇದನ್ನು ಮಾಯಾಮಾಳವಗೌಳದ ಆರೋಹಣವೆನ್ನುವರು. ಕೊಪ್ಪಳದ ಕಡೆ ಹಿಂದೂಸ್ತಾನಿ ಕಲಿತವರಿಗೆ ಭೈರವದ ಸ್ವರಗಳು ಕೇಳಿಸುವುವು.