ಉಪ್ಪಿನಿಂದ ಗಾರೆಗೆ: ಉಪ್ಪಾರಹಳ್ಳಿ ಎಂಬ ಹೆಸರು ಮತ್ತು ಕಟ್ಟಡ ಕಾರ್ಮಿಕ ಸಂಘಗಳ ಪಿಂಚಣಿ ಹೋರಾಟ

ಕರ್ನಾಟಕದ ಸ್ಥಳನಾಮಗಳಲ್ಲಿ ವೃತ್ತಿಸೂಚಕವಾದವುಗಳದು ಒಂದು ದೊಡ್ಡ ವರ್ಗ. ಕುಂಬಾರಹಳ್ಳಿ, ಗಾಣಿಗರಹಳ್ಳಿ, ಅಗಸರಹಳ್ಳಿಗಳ ಸಾಲಿನಲ್ಲಿಯೇ ಉಪ್ಪಾರಹಳ್ಳಿಯೂ ನಿಲ್ಲುತ್ತದೆ. ತುಮಕೂರು ನಗರದೊಳಗೆ ಸೇರಿಹೋಗಿರುವ ಉಪ್ಪಾರಹಳ್ಳಿ ಇಂದು ರೈಲು ಮಾರ್ಗದ ಬದಿಯ ಒಂದು ಬಡಾವಣೆ. ಉಪ್ಪು ಮಾಡುವ ಕಸುಬು ಮರೆಯಾಗಿದೆ; ಹೆಸರು ಉಳಿದಿದೆ. ಕಸುಬು ಅಳಿದ ಮೇಲೆ ಕಸುಬುದಾರರು ಏನಾದರು, ದುಡಿದು ಮುಪ್ಪಾದವರನ್ನು ಯಾರು ನೋಡಿಕೊಂಡರು ಎಂಬ ಪ್ರಶ್ನೆಗಳಿಗೆ ಸ್ಥಳನಾಮ ಉತ್ತರಿಸುವುದಿಲ್ಲ. ಆ ಉತ್ತರವನ್ನು ಜನಪದ ವೃತ್ತಿಗಳ ಅಧ್ಯಯನದಲ್ಲಿ ಹೆಚ್ಚಾಗಿ ಗಮನಕ್ಕೆ ಬಾರದ ಒಂದು ಸಂಸ್ಥೆಯಲ್ಲಿ, ಅಂದರೆ ಕಟ್ಟಡ ಕಾರ್ಮಿಕರ ಸಂಘದಲ್ಲಿ ಹುಡುಕಬೇಕಾಗುತ್ತದೆ.

ಉಪ್ಪಿನ ಮಣ್ಣು

ಮೈಸೂರು ಸೀಮೆಯ ಒಳನಾಡಿನಲ್ಲಿ ಕಡಲುಪ್ಪು ದುಬಾರಿಯಾಗಿದ್ದ ಕಾಲದಲ್ಲಿ ಉಪ್ಪಾರರು ಚೌಳು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದರು. ಬೇಸಗೆಯಲ್ಲಿ ನೆಲದ ಮೇಲೆ ಬಿಳಿಯಾಗಿ ಹೂತ ಮಣ್ಣನ್ನು ಕೆರೆದು ಗುಡ್ಡೆ ಹಾಕಿ, ಎತ್ತರದ ತೊಟ್ಟಿಯಲ್ಲಿ ತುಂಬಿ, ನೀರು ಹಾಯಿಸಿ, ಕೆಳಗಿಳಿದ ಉಪ್ಪುನೀರನ್ನು ಗಟ್ಟಿ ನೆಲದ ಮೇಲೆ ಬಿಸಿಲಿಗೆ ಬಿಡುವುದು ಇದರ ಸ್ಥೂಲ ಕ್ರಮ. ಟಿಪ್ಪುವಿನ ಪತನಾನಂತರ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಮಣ್ಣುಪ್ಪಿನ ತಯಾರಿಕೆಯ ಉಲ್ಲೇಖವಿದೆ. ಚಾಮರಾಜನಗರ ಸೀಮೆಯಲ್ಲಿ ‘ಮೋಳೆ’ ಎಂದು ಕೊನೆಗೊಳ್ಳುವ ಊರುಗಳು ಇದೇ ಕಸುಬಿನ ನೆನಪನ್ನು ಹೊತ್ತಿವೆ.

ಈ ಕಸುಬು ತಾನಾಗಿಯೇ ಅಳಿಯಲಿಲ್ಲ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಬರೆದ ಹಸ್ತಾಂತರ ಪತ್ರದಲ್ಲಿ, ಗವರ್ನರ್ ಜನರಲ್ ಬಯಸಿದಲ್ಲಿ ರಾಜ್ಯದೊಳಗಿನ ಉಪ್ಪಿನ ತಯಾರಿಕೆಯನ್ನು ನಿಲ್ಲಿಸಬೇಕು ಅಥವಾ ಮಿತಿಗೊಳಿಸಬೇಕು ಎಂಬ ಷರತ್ತಿತ್ತು. ಬೆಂಗಳೂರು-ತುಮಕೂರು ರೈಲು ಮಾರ್ಗ ತೆರೆದದ್ದು 1884ರಲ್ಲಿ. ರೈಲಿನ ಮೂಲಕ ಕಡಲುಪ್ಪು ಒಳನಾಡಿಗೆ ಸುಲಭವಾಗಿ ಬರತೊಡಗಿದ ಮೇಲೆ ಮಣ್ಣುಪ್ಪಿಗೆ ಮಾರುಕಟ್ಟೆ ಉಳಿಯುವುದು ಕಷ್ಟವಾಯಿತು. ಮಣ್ಣನ್ನು ಬಲ್ಲ ಕೈಗಳು ಮಣ್ಣಿನ ಬೇರೆ ಕೆಲಸಗಳತ್ತ ತಿರುಗಿದವು. ಕೆರೆ, ಬಾವಿ, ಕಾಲುವೆಗಳ ಕೆಲಸ, ಸುಣ್ಣ ಸುಡುವುದು, ಗೋಡೆ ಕಟ್ಟುವುದು, ಗಾರೆ ಬಳಿಯುವುದು ಉಪ್ಪಾರರ ಬದುಕಿಗೆ ಆಧಾರವಾದವು. ‘ಸುಣ್ಣದ ಉಪ್ಪಾರ’ ಎಂಬ ಒಳಪಂಗಡದ ಹೆಸರೇ ಈ ಪಲ್ಲಟಕ್ಕೆ ಸಾಕ್ಷಿ.

ಉಪ್ಪಾರರು ತಮ್ಮನ್ನು ಭಗೀರಥನ ಕುಲದವರೆಂದು ಹೇಳಿಕೊಳ್ಳುತ್ತಾರೆ. ನೀರನ್ನು ನೆಲಕ್ಕಿಳಿಸಿದವನನ್ನು ಮೂಲಪುರುಷನನ್ನಾಗಿ ಕಂಡುಕೊಂಡಿರುವುದು ಮಣ್ಣು ತೋಡುವವರಿಗೆ ಸಹಜವಾಗಿಯೇ ಇದೆ. ಇದರ ಎದುರಿಗೆ ‘ಕೆರೆಗೆ ಹಾರ’ ಕಥನಗೀತೆಯನ್ನು ಇಟ್ಟು ನೋಡಬಹುದು. ಅಲ್ಲಿ ಕೆರೆ ಕಟ್ಟಿಸಿದ ಗೌಡನ ಹೆಸರಿದೆ, ಕೆರೆಗೆ ಬಲಿಯಾದ ಸೊಸೆ ಭಾಗೀರಥಿಯ ಹೆಸರಿದೆ. ಕೆರೆಯನ್ನು ತೋಡಿದವರ ಹೆಸರಿಲ್ಲ. ಶಾಸನಗಳಲ್ಲಿಯೂ ಸಾಮಾನ್ಯವಾಗಿ ಉಳಿದಿರುವುದು ಕಟ್ಟಿಸಿದವರ ಹೆಸರೇ ಹೊರತು ಕಟ್ಟಿದವರದಲ್ಲ. ದುಡಿದವರ ಹೆಸರು ದಾಖಲೆಯಾಗದ ಈ ಪರಂಪರೆಯೇ ಮುಂದೆ ಪಿಂಚಣಿಯ ಪ್ರಶ್ನೆಯಲ್ಲಿ ತೊಡಕಾಗಿ ನಿಲ್ಲುತ್ತದೆ.

ಕುಲದ ಕಟ್ಟೆಯಿಂದ ಸಂಘಕ್ಕೆ

ಹಿಂದೆ ದುಡಿಯಲಾರದವರ ಹೊಣೆ ಮನೆಯವರದು, ಅದು ಮೀರಿದರೆ ಕುಲದ್ದು. ಯಜಮಾನ, ಕೋಲುಕಾರರಿದ್ದ ಕುಲದ ಕಟ್ಟೆ ಜಗಳ ತೀರಿಸುವುದರ ಜೊತೆಗೆ ಮದುವೆ, ಸಾವುಗಳ ಹೊತ್ತಿನಲ್ಲಿ ಕೈಹಿಡಿಯುತ್ತಿತ್ತು. ಗಾರೆ ಕೆಲಸ ನಗರಕ್ಕೆ ಬಂದಾಗ ಒಂದೇ ಗೋಡೆಯ ಮೇಲೆ ಉಪ್ಪಾರ, ಭೋವಿ, ಪರಿಶಿಷ್ಟ, ಮುಸ್ಲಿಂ ಸಮುದಾಯಗಳ ಆಳುಗಳು ಸೇರಿದರು. ಸಾರುವೆಯಿಂದ ಬಿದ್ದವನ ಗಾಯಕ್ಕೆ ಒಂದು ಕುಲದ ಕಟ್ಟೆ ಸಾಲದಾಯಿತು. ಜಾತಿಯಿಂದಲ್ಲದೆ ಕೆಲಸದಿಂದ ಸದಸ್ಯತ್ವ ಪಡೆಯುವ ಸಂಘ ಈ ಅಗತ್ಯದಿಂದ ಹುಟ್ಟಿತು. ಕರ್ನಾಟಕದಲ್ಲಿ ಸಿಐಟಿಯು, ಎಐಟಿಯುಸಿ ಮೊದಲಾದ ಕೇಂದ್ರ ಸಂಘಟನೆಗಳಿಗೆ ಸೇರಿದ ಕಟ್ಟಡ ಕಾರ್ಮಿಕ ಸಂಘಗಳೂ ಸ್ವತಂತ್ರ ಸಂಘಗಳೂ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತ ಬಂದಿವೆ.

ಈ ಸಂಘಗಳ ಬೇಡಿಕೆಗೆ ರಾಷ್ಟ್ರೀಯ ಹಿನ್ನೆಲೆಯೂ ಇದೆ. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಮುಂದಾಳತ್ವದಲ್ಲಿ 1985ರಲ್ಲಿ ರೂಪುಗೊಂಡ ರಾಷ್ಟ್ರೀಯ ಪ್ರಚಾರ ಸಮಿತಿಯು ಕಟ್ಟಡ ಕಾರ್ಮಿಕರಿಗೆ ಪ್ರತ್ಯೇಕ ಕೇಂದ್ರ ಕಾನೂನು ಬೇಕೆಂದು ಒತ್ತಾಯಿಸಿತು. 1996ರಲ್ಲಿ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯಿದೆ ಮತ್ತು ಅದರೊಂದಿಗೆ ಸುಂಕದ ಕಾಯಿದೆ ಬಂದವು. ನಿರ್ಮಾಣ ವೆಚ್ಚದ ಶೇಕಡಾ 1ರಷ್ಟನ್ನು ಸುಂಕವಾಗಿ ಸಂಗ್ರಹಿಸಿ ಕಾರ್ಮಿಕರ ಕಲ್ಯಾಣಕ್ಕೆ ಬಳಸುವುದು ಈ ವ್ಯವಸ್ಥೆಯ ತಿರುಳು. ಕರ್ನಾಟಕದ ನಿಯಮಗಳು 2006ರಲ್ಲಿ, ಕಲ್ಯಾಣ ಮಂಡಳಿ 2007ರಲ್ಲಿ ಅಸ್ತಿತ್ವಕ್ಕೆ ಬಂದವು. ಕಾಯಿದೆಗೂ ಮಂಡಳಿಗೂ ನಡುವೆ ಹತ್ತು ವರ್ಷಗಳಿಗೂ ಮಿಕ್ಕಿದ ಅಂತರವಿದೆ. ಆ ಅವಧಿಯಲ್ಲಿ ಅರವತ್ತು ದಾಟಿದ ಒಂದು ತಲೆಮಾರು ಯಾವ ಪಿಂಚಣಿಯ ಲೆಕ್ಕಕ್ಕೂ ಸೇರದೆ ಹೋಯಿತು.

ತೊಂಬತ್ತು ದಿನಗಳ ಸಾಕ್ಷ್ಯ

ನೋಂದಣಿಗೆ ಕಾನೂನು ಎರಡು ಸಂಗತಿಗಳನ್ನು ಕೇಳುತ್ತದೆ: ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿರಬೇಕು. ನೋಡುವುದಕ್ಕೆ ಸರಳವಾದ ಈ ಎರಡೂ ಬಾಯ್ದೆರೆಯ ಬದುಕಿಗೆ ಅಪರಿಚಿತವಾದವು. ಹಿರಿಯ ತಲೆಮಾರಿನವರು ಹುಟ್ಟಿದ ದಿನವನ್ನು ತಾರೀಖಿನಿಂದ ಹೇಳುವುದು ಕಡಿಮೆ. ಬರ ಬಿದ್ದ ವರ್ಷ, ಕೆರೆ ಕೋಡಿ ಹರಿದ ವರ್ಷ, ಅಣ್ಣನ ಮದುವೆಯ ವರ್ಷ ಎಂದು ನೆನಪಿನ ಗುರುತುಗಳಿಂದ ಹೇಳುತ್ತಾರೆ. ದಾಖಲೆಯಲ್ಲಿ ಅದು ಅಂದಾಜಿನ ವಯಸ್ಸಾಗಿ ಇಳಿಯುತ್ತದೆ. ಆ ಅಂದಾಜು ನಾಲ್ಕು ವರ್ಷ ಹೆಚ್ಚಾದರೆ ನೋಂದಣಿಯ ಬಾಗಿಲೇ ಮುಚ್ಚುತ್ತದೆ. ಕಡಿಮೆಯಾದರೆ ಪಿಂಚಣಿ ನಾಲ್ಕು ವರ್ಷ ಮುಂದಕ್ಕೆ ಹೋಗುತ್ತದೆ.

ಕೆಲಸದ ದಿನಗಳ ಪ್ರಶ್ನೆ ಇನ್ನೂ ಕಠಿಣವಾದುದು. ಗಾರೆ ಕೆಲಸದವರು ಈ ವಾರ ಒಬ್ಬರ ಮನೆಗೆ ಪಾಯ ತೋಡಿ, ಮುಂದಿನ ವಾರ ಇನ್ನೊಬ್ಬರ ಮನೆಗೆ ತಾರಸಿ ಹಾಕುತ್ತಾರೆ. ಕೂಲಿ ವಾರಕ್ಕೊಮ್ಮೆ ಬಟವಾಡೆಯಲ್ಲಿ ಕೈಗೆ ಬರುತ್ತದೆ, ರಸೀದಿ ಇರುವುದಿಲ್ಲ. ಲೆಕ್ಕ ಮೇಸ್ತ್ರಿಯ ನೆನಪಿನಲ್ಲಿ, ಹೆಚ್ಚೆಂದರೆ ಅವನ ಚೀಟಿಯಲ್ಲಿ ಇರುತ್ತದೆ. ಕರ್ನಾಟಕದ ನಿಯಮಗಳು ಮಾಲೀಕರ ಜೊತೆಗೆ ನೋಂದಾಯಿತ ಕಾರ್ಮಿಕ ಸಂಘ, ಕಾರ್ಮಿಕ ಇಲಾಖೆಯ ಅಧಿಕಾರಿ ಮತ್ತು ಗ್ರಾಮ ಪಂಚಾಯಿತಿಗಳಿಂದಲೂ ಉದ್ಯೋಗ ದೃಢೀಕರಣ ಪತ್ರ ಪಡೆಯಲು ಅವಕಾಶ ಕಲ್ಪಿಸಿದ್ದು ಈ ಕಾರಣದಿಂದ ಮಹತ್ವದ್ದು. ಅಲ್ಲಿಯವರೆಗೆ ಬಾಯಿಮಾತಾಗಿದ್ದ ಸಹಕರ್ಮಿಗಳ ಸಾಕ್ಷ್ಯಕ್ಕೆ ಸಂಘದ ಮೂಲಕ ಮೊದಲ ಬಾರಿ ಕಾನೂನಿನ ಮಾನ್ಯತೆ ದೊರೆಯಿತು. ಯಾರು ಯಾರೊಡನೆ ಎಲ್ಲಿ ಕೆಲಸ ಮಾಡಿದರು, ಯಾವ ಹೆಣ್ಣಾಳು ಯಾವ ತಾರಸಿಗೆ ಬಾಂಡ್ಲಿ ಹೊತ್ತಳು ಎಂಬ ಮೌಖಿಕ ನೆನಪನ್ನು ಸರ್ಕಾರ ಒಪ್ಪುವ ಕಾಗದವಾಗಿಸುವುದು ಸಂಘದ ಮುಖ್ಯ ಕೆಲಸವಾಯಿತು.

ಈ ಅಧಿಕಾರದ ದುರುಪಯೋಗವೂ ಆಗಿದೆ. ಕಟ್ಟಡ ಕೆಲಸವನ್ನೇ ಮಾಡದವರು ಕಾರ್ಡು ಪಡೆದ ಪ್ರಕರಣಗಳು ಬೆಳಕಿಗೆ ಬಂದು, ನಕಲಿ ಕಾರ್ಡುಗಳನ್ನು ರದ್ದುಪಡಿಸುವ ಕಾರ್ಯ ನಡೆದಿದೆ. ಆದರೆ ಪರಿಶೀಲನೆ ಬಿಗಿಯಾದಷ್ಟೂ ಕಾಗದವಿಲ್ಲದ ನಿಜವಾದ ಕಾರ್ಮಿಕರೇ ಮೊದಲು ಹೊರಗುಳಿಯುವ ಅಪಾಯವಿದೆ. ಸಿಮೆಂಟಿನಲ್ಲಿ ಬೆರಳ ಗೆರೆ ಸವೆದವರ ಗುರುತನ್ನು ಬೆರಳಚ್ಚಿನ ಯಂತ್ರ ಒಪ್ಪದಿರುವುದು ಇದಕ್ಕೊಂದು ನಿದರ್ಶನ. ದುಡಿಮೆಯ ಗುರುತೇ ಅಲ್ಲಿ ದುಡಿಮೆಯ ಸಾಕ್ಷ್ಯಕ್ಕೆ ಅಡ್ಡಿಯಾಗುತ್ತದೆ.

ಪಿಂಚಣಿ ಮತ್ತು ಅದರಾಚೆ

ಕನಿಷ್ಠ ಮೂರು ವರ್ಷ ಸದಸ್ಯತ್ವವಿದ್ದು 60 ವರ್ಷ ಪೂರೈಸಿದ ಫಲಾನುಭವಿಗೆ ಮಂಡಳಿ ಪಿಂಚಣಿ ನೀಡುತ್ತದೆ. ಹಂತಹಂತವಾಗಿ ಏರಿದ ಅದರ ಮೊತ್ತ ತಿಂಗಳಿಗೆ 3,000 ರೂಪಾಯಿಗಳಿಗೆ ಬಂದಿದೆ. ಪಿಂಚಣಿದಾರರು ತೀರಿಕೊಂಡರೆ ಸಂಗಾತಿಗೆ ಅದರ ಅರ್ಧ ಸಲ್ಲುತ್ತದೆ. ನವೀಕರಣ ತಪ್ಪಿದವರನ್ನು ಎಚ್ಚರಿಸುವುದು, ವರ್ಷಕ್ಕೊಮ್ಮೆ ಜೀವಿತ ಪ್ರಮಾಣ ಪತ್ರ ಕೊಡಿಸುವುದು, ಅರ್ಜಿ ತಿರಸ್ಕೃತವಾದಾಗ ಕಾರಣ ಕೇಳುವುದು ಸಂಘದ ದಿನನಿತ್ಯದ ಕೆಲಸಗಳು. ಮಕ್ಕಳ ಓದು, ಹೆರಿಗೆ, ಮದುವೆ, ಅಪಘಾತ, ಅಂತ್ಯಕ್ರಿಯೆಗಳಿಗೆ ಮಂಡಳಿಯಲ್ಲಿರುವ ಸಹಾಯಧನಗಳನ್ನು ಕೊಡಿಸುವುದೂ ಇದರೊಂದಿಗೆ ಸೇರಿದೆ. ಕುಲದ ಕಟ್ಟೆ ನೋಡಿಕೊಳ್ಳುತ್ತಿದ್ದ ಹುಟ್ಟು, ಮದುವೆ, ಸಾವುಗಳೇ ಸಂಘದ ಕಡತಗಳಲ್ಲಿ ಮತ್ತೆ ಕಾಣಿಸಿಕೊಂಡಿರುವುದನ್ನು ಇಲ್ಲಿ ಗುರುತಿಸಬಹುದು. 2023ರಲ್ಲಿ ಶೈಕ್ಷಣಿಕ ಸಹಾಯಧನದ ಮೊತ್ತವನ್ನು ಇಳಿಸಿದಾಗ ಸಂಘಗಳು ಬೀದಿಗಿಳಿದದ್ದು, ಮಕ್ಕಳ ಓದನ್ನು ಅವು ಕೂಲಿಯಷ್ಟೇ ಮುಖ್ಯವೆಂದು ಕಂಡಿದ್ದರಿಂದ.

ಈ ಹಣ ದಾನವಲ್ಲ ಎಂಬುದು ಸಂಘಗಳ ವಾದದ ಕೇಂದ್ರ. ಸುಂಕ ಹುಟ್ಟುವುದು ಕಟ್ಟಡದಿಂದ. ಕಟ್ಟಡ ಏಳುವುದು ಕಾರ್ಮಿಕರ ಶ್ರಮದಿಂದ. ಆದ್ದರಿಂದ ಪಿಂಚಣಿ ಎಂದರೆ ತಡೆದಿರಿಸಿದ ಕೂಲಿ. ಸುಂಕದ ಹಣ ರಾಜ್ಯಗಳಲ್ಲಿ ಬಳಕೆಯಾಗದೆ ಉಳಿದ ವಿಷಯವನ್ನು ರಾಷ್ಟ್ರೀಯ ಪ್ರಚಾರ ಸಮಿತಿಯೇ ಸುಪ್ರೀಂ ಕೋರ್ಟಿಗೆ ಒಯ್ದಿತು. 19 ಮಾರ್ಚ್ 2018ರ ತೀರ್ಪಿನಲ್ಲಿ ನ್ಯಾಯಾಲಯ ಮಾದರಿ ಯೋಜನೆ ರೂಪಿಸಲು ಮತ್ತು ಸಾಮಾಜಿಕ ಪರಿಶೋಧನೆ ನಡೆಸಲು ನಿರ್ದೇಶಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಸುಂಕವನ್ನೂ ಮಂಡಳಿಯನ್ನೂ 90 ದಿನಗಳ ನಿಯಮವನ್ನೂ ಉಳಿಸಿಕೊಂಡಿದೆ. ಕಾನೂನಿನ ಹೆಸರು ಬದಲಾದರೂ ಸಾಕ್ಷ್ಯದ ಪ್ರಶ್ನೆ ಬದಲಾಗಿಲ್ಲ.

ಜಾನಪದ ಅಧ್ಯಯನವು ವೃತ್ತಿಗಳ ಬಗ್ಗೆ ಬರೆಯುವಾಗ ಹಾಡು, ಆಚರಣೆ, ಸಲಕರಣೆಗಳನ್ನು ಸಂಗ್ರಹಿಸಿದೆ. ಕರಣೆ, ತೂಗುಗುಂಡು, ರಸಮಟ್ಟಗಳ ವಿವರ ದಾಖಲಾದಷ್ಟು, ಅವುಗಳನ್ನು ಹಿಡಿದವರು ಯಾವ ವರ್ಷ ಎಲ್ಲಿ ಯಾವ ಗೋಡೆ ಕಟ್ಟಿದರು ಎಂಬುದು ದಾಖಲಾಗಿಲ್ಲ. ಸಂಘಗಳ ಹಳೆಯ ಸದಸ್ಯತ್ವ ಪುಸ್ತಕಗಳು, ದೃಢೀಕರಣ ಪತ್ರಗಳ ಪ್ರತಿಗಳು, ಮೇಸ್ತ್ರಿಗಳ ಚೀಟಿಗಳು ಆ ಕೊರತೆಯನ್ನು ತುಂಬಬಲ್ಲ ಆಕರಗಳು. ಅವುಗಳನ್ನು ಕಾಪಾಡುವುದು ಸಂಶೋಧನೆಗೆ ಎಷ್ಟು ಅಗತ್ಯವೋ, ಅರವತ್ತರ ಹೊಸ್ತಿಲಲ್ಲಿರುವ ಕಾರ್ಮಿಕರ ಮುಪ್ಪಿಗೂ ಅಷ್ಟೇ ಅಗತ್ಯ. ಉಪ್ಪಾರಹಳ್ಳಿ ಎಂಬ ಹೆಸರಿನಲ್ಲಿ ಒಂದು ಇಡೀ ಕಸುಬಿನ ನೆನಪು ಉಳಿದಿದೆ. ಅಲ್ಲಿ ದುಡಿದ ಒಬ್ಬೊಬ್ಬರ ಹೆಸರು ಉಳಿಯುವುದು ಇಂತಹ ಪುಸ್ತಕಗಳಲ್ಲಿ.