ಪೆಟ್ಟು ಬಿದ್ದಾಗ ಜೊತೆಗಾರರು ಏನು ಮಾಡಿದರು?



ನಮ್ಮವರಿಗೆ ಯಾರಾದರೂ ಹೊಡೆದರೆ ನಮಗೆ ಹೇಗಾಗುತ್ತದೆ? ಕರುಳು ಚುರ್ ಅನ್ನುತ್ತದೆ. ಮೈಯೆಲ್ಲ ಉರಿಯುತ್ತದೆ. "ಹೊಡೆದವನನ್ನು ಸುಮ್ಮನೆ ಬಿಡಬಾರದು" ಅಂತ ಅನಿಸುತ್ತದೆ. ಹೀಗೆ ಅನಿಸುವುದು ತಪ್ಪಲ್ಲ. ನಮ್ಮವರು ಅನ್ನುವ ಪ್ರೀತಿ ಇರುವುದರಿಂದಲೇ ಸಿಟ್ಟು ಬರುತ್ತದೆ.

ಆದರೆ ಆ ಸಿಟ್ಟಿನಲ್ಲಿ ನಾವು ಏನು ಮಾಡುತ್ತೇವೆ? ಪೆಟ್ಟು ತಿಂದವರ ಕಡೆ ಓಡುತ್ತೇವೆಯೋ, ಹೊಡೆದವರ ಕಡೆ ಓಡುತ್ತೇವೆಯೋ? ಒಂದು ಆಟದಲ್ಲಿ ನಡೆದ ನಿಜವಾದ ಘಟನೆಗಳಿಂದ ಇದನ್ನು ತಿಳಿಯೋಣ.

ಇದು ಯಾವ ಆಟ?

ಹಾಕಿ ಅಂದ ಕೂಡಲೇ ನಮಗೆ ಕೊಡಗು ನೆನಪಾಗುತ್ತದೆ. ಅಲ್ಲಿ 1997ರಲ್ಲಿ ಕೊಡವ ಮನೆತನಗಳ ಹಾಕಿ ಹಬ್ಬ ಶುರುವಾಯಿತು. ಅದು ಮೈದಾನದ ಹಾಕಿ. ಅದರಲ್ಲಿ ಕೋಲು ಇದೆ, ಚೆಂಡು ಇದೆ. ಎದುರಾಳಿಯ ಮೈಗೆ ಬೇಕೆಂದೇ ಗುದ್ದುವಂತಿಲ್ಲ. ಗುದ್ದಿದರೆ ಅಂಪೈರು ಕಾರ್ಡು ತೋರಿಸಿ ಆಟಗಾರನನ್ನು ಹೊರಗೆ ಕಳಿಸುತ್ತಾರೆ.

ನಾವು ಈಗ ಹೇಳುವುದು ಬೇರೆ ಹಾಕಿ. ಅದು ಹಿಮದ ಹಾಕಿ. ಐಸ್ ಹಾಕಿ ಅನ್ನುತ್ತಾರೆ. ಕೆನಡಾ, ಅಮೆರಿಕ, ಸ್ವೀಡನ್ ಮುಂತಾದ ಚಳಿ ದೇಶಗಳಲ್ಲಿ ಇದು ಬಹಳ ಜನಪ್ರಿಯ. ನಮ್ಮ ದೇಶದ ಲಡಾಖಿನಲ್ಲೂ ಗಂಡುಮಕ್ಕಳು, ಹೆಣ್ಣುಮಕ್ಕಳು ಈ ಆಟ ಆಡುತ್ತಾರೆ.

ಆಟದ ನೆಲ ಗಟ್ಟಿಯಾದ ಮಂಜುಗಡ್ಡೆ. ಆಟಗಾರರ ಬೂಟಿನ ಕೆಳಗೆ ಉಕ್ಕಿನ ಅಲಗು ಇರುತ್ತದೆ. ಅದರ ಮೇಲೆ ಅವರು ಜಾರುತ್ತಾ ಓಡುತ್ತಾರೆ. ಬಹಳ ವೇಗ. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಅದಕ್ಕೆ ಪಕ್ ಎಂದು ಹೆಸರು. ಅದು 3 ಅಂಗುಲ ಅಗಲ, 1 ಅಂಗುಲ ದಪ್ಪ. ಒಂದು ತಂಡದಿಂದ 6 ಜನ ಒಟ್ಟಿಗೆ ಆಡುತ್ತಾರೆ. ಅವರಲ್ಲಿ ಒಬ್ಬರು ಗೋಲು ಕಾಯುತ್ತಾರೆ.

ಈ ಆಟದಲ್ಲಿ ಗಂಡಸರ ದೊಡ್ಡ ಪಂದ್ಯಾವಳಿಗೆ ನ್ಯಾಷನಲ್ ಹಾಕಿ ಲೀಗ್ ಎಂದು ಹೆಸರು. ಇದು 1917ರಲ್ಲಿ ಶುರುವಾಯಿತು. ಕೆನಡಾ ಮತ್ತು ಅಮೆರಿಕದ ತಂಡಗಳು ಇದರಲ್ಲಿ ಆಡುತ್ತವೆ. ಇಲ್ಲಿ ಪಕ್ ಇಟ್ಟುಕೊಂಡಿರುವ ಆಟಗಾರನಿಗೆ ಭುಜದಿಂದ ಗುದ್ದಬಹುದು. ಅದು ನಿಯಮದ ಒಳಗೇ ಇದೆ. ಆದರೆ ಕೋಲಿನಿಂದ ಹೊಡೆಯಬಾರದು. ಹಿಂದಿನಿಂದ ಗುದ್ದಬಾರದು. ತಪ್ಪು ಮಾಡಿದವರು 2 ನಿಮಿಷ ಅಥವಾ 5 ನಿಮಿಷ ಹೊರಗೆ ಕೂರಬೇಕು. ಅಷ್ಟು ಹೊತ್ತೂ ಅವರ ತಂಡಕ್ಕೆ ಒಬ್ಬ ಆಳು ಕಡಿಮೆ.

ಒಳ್ಳೆಯ ಆಟಗಾರನಿಗೆ ಕಾವಲುಗಾರ

ತಂಡದಲ್ಲಿ ಒಬ್ಬ ಬಹಳ ಚೆನ್ನಾಗಿ ಆಡುತ್ತಾನೆ ಅಂದುಕೊಳ್ಳಿ. ಎದುರಾಳಿಗಳ ಕಣ್ಣೆಲ್ಲ ಅವನ ಮೇಲೇ. ಅವನನ್ನು ಗುದ್ದಿ ಬೀಳಿಸಿದರೆ ಅರ್ಧ ಆಟ ಗೆದ್ದಂತೆ. ಆಗ ಜೊತೆಗಾರರು ಏನು ಮಾಡಬೇಕು?

ಹಳೆಯ ಕಾಲದಿಂದ ಅಲ್ಲಿ ಒಂದು ರೂಢಿ ಇತ್ತು. "ನಮ್ಮ ಆಟಗಾರನನ್ನು ಮುಟ್ಟಿದರೆ ನಿಮಗೂ ಬೀಳುತ್ತದೆ." ಈ ಎಚ್ಚರಿಕೆ ಕೊಡಲೆಂದೇ ತಂಡದಲ್ಲಿ ಒಬ್ಬ ಬಲಶಾಲಿಯನ್ನು ಇಟ್ಟುಕೊಳ್ಳುತ್ತಿದ್ದರು. ವೇಯ್ನ್ ಗ್ರೆಟ್ಸ್ಕಿ ಎಂಬ ಕೆನಡಾದ ಆಟಗಾರರ ಹೆಸರು ಲೋಕಕ್ಕೆಲ್ಲ ಗೊತ್ತು. 1999ರಲ್ಲಿ ಆಟ ಬಿಟ್ಟಾಗ ಅವರು ಆ ಲೀಗಿನಲ್ಲಿ 894 ಗೋಲು ಹೊಡೆದಿದ್ದರು. ಅವರ ಮೈಕಟ್ಟು ತೆಳು. 1980ರ ದಶಕದಲ್ಲಿ ಎಡ್ಮಂಟನ್ ತಂಡದಲ್ಲಿ ಡೇವ್ ಸೆಮೆಂಕೊ ಎಂಬ ಗಟ್ಟಿ ಆಳು ಅವರ ಕಾವಲಿಗೆ ಇದ್ದರು. ಸೆಮೆಂಕೊ ಪಕ್ಕದಲ್ಲಿದ್ದರೆ ಗ್ರೆಟ್ಸ್ಕಿಯನ್ನು ಗುದ್ದಲು ಎದುರಾಳಿಗಳು ಹಿಂದೆಮುಂದೆ ನೋಡುತ್ತಿದ್ದರು.

ಇಬ್ಬರು ಕೈಗವಸು ಕಳಚಿ ಮುಷ್ಟಿಯಲ್ಲಿ ಹೊಡೆದಾಡಿದರೆ, ಇಬ್ಬರನ್ನೂ 5 ನಿಮಿಷ ಹೊರಗೆ ಕೂರಿಸುತ್ತಾರೆ. ಜಗಳ ಶುರು ಮಾಡಿದವರಿಗೆ ಇನ್ನೂ ಹೆಚ್ಚು ಶಿಕ್ಷೆ ಇದೆ. "ಇದರಿಂದ ಲೆಕ್ಕ ಅಲ್ಲಿಗೇ ಮುಗಿಯುತ್ತದೆ, ದೊಡ್ಡ ಅನಾಹುತ ತಪ್ಪುತ್ತದೆ" ಅಂತ ಈ ರೂಢಿಯನ್ನು ಒಪ್ಪುವವರು ಹೇಳುತ್ತಾರೆ. ಆದರೆ ಲೆಕ್ಕ ಯಾವಾಗಲೂ ಮುಗಿಯುತ್ತದೆಯೇ? 2004ರಲ್ಲಿ ಏನಾಯಿತು ನೋಡಿ.

ಸೇಡು ಎಲ್ಲಿಗೆ ಹೋಯಿತು?

2004ರ ಫೆಬ್ರವರಿ 16. ಅಮೆರಿಕದ ಕೊಲೊರಾಡೊ ತಂಡಕ್ಕೂ ಕೆನಡಾದ ವ್ಯಾಂಕೂವರ್ ತಂಡಕ್ಕೂ ಪಂದ್ಯ. ವ್ಯಾಂಕೂವರ್ ತಂಡದ ನಾಯಕ ಮಾರ್ಕಸ್ ನಾಸ್ಲಂಡ್. ಅವರು ಸ್ವೀಡನ್ ದೇಶದವರು. ತಂಡದ ಕಣ್ಮಣಿ. ಅವರು ಪಕ್ ಹಿಡಿಯಲು ಮುಂದಕ್ಕೆ ಬಾಗಿದ್ದರು. ಆಗ ಕೊಲೊರಾಡೊದ ಸ್ಟೀವ್ ಮೂರ್ ಬಂದು ಗುದ್ದಿದರು. ಮೂರ್ ಇನ್ನೂ 25 ವರ್ಷದ ಹೊಸ ಆಟಗಾರ. ನಾಸ್ಲಂಡರ ತಲೆಗೆ ಪೆಟ್ಟಾಯಿತು. ಮೊಣಕೈಗೂ ಪೆಟ್ಟಾಯಿತು. ಅವರು 3 ಪಂದ್ಯ ಆಡಲಿಲ್ಲ.

ರೆಫ್ರಿ ಆ ಪೆಟ್ಟಿಗೆ ಶಿಕ್ಷೆ ಕೊಡಲಿಲ್ಲ. ಲೀಗಿನವರು ಆಮೇಲೆ ನೋಡಿ, "ಇದು ನಿಯಮದ ಒಳಗೇ ಇದೆ" ಅಂದರು. ವ್ಯಾಂಕೂವರ್ ತಂಡಕ್ಕೆ ಇದು ಅನ್ಯಾಯ ಅನಿಸಿತು. ಸೇಡಿನ ಮಾತುಗಳು ಹೊರಗೂ ಕೇಳಿಬಂದವು.

ಮಾರ್ಚ್ 8ರಂದು ವ್ಯಾಂಕೂವರಿನಲ್ಲಿ ಅದೇ ಎರಡು ತಂಡ ಮತ್ತೆ ಎದುರಾದವು. ಆಟದ ಮೊದಲ ಭಾಗದಲ್ಲೇ ವ್ಯಾಂಕೂವರಿನ ಮ್ಯಾಟ್ ಕುಕ್ ಎಂಬುವರಿಗೂ ಮೂರ್‌ಗೂ ಹೊಡೆದಾಟವಾಯಿತು. ಇಬ್ಬರೂ ಹೊರಗೆ ಕೂತು ಬಂದರು. ಆ ಆಟದ ರೂಢಿಯಂತೆ ಅಲ್ಲಿಗೆ ಲೆಕ್ಕ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಕೊನೆಯ ಭಾಗದಲ್ಲಿ ವ್ಯಾಂಕೂವರ್ 8ಕ್ಕೆ 2ರಿಂದ ಹಿಂದೆ ಬಿದ್ದಿತ್ತು. ಟಾಡ್ ಬರ್ಟುಜಿ ಎಂಬ ಎತ್ತರದ, ಭಾರದ ಆಟಗಾರ ಮೂರ್ ಹಿಂದೆ ಹೊರಟರು. ಬರ್ಟುಜಿ ನಾಸ್ಲಂಡರ ಗೆಳೆಯ. ಯಾವಾಗಲೂ ಜೊತೆಯಲ್ಲಿ ಆಡುವವರು. ಅವರು ಹೊಡೆದಾಟಕ್ಕೆ ಕರೆದರು. ಮೂರ್ ತಿರುಗಿ ನೋಡಲಿಲ್ಲ. ಬರ್ಟುಜಿ ಹಿಂದಿನಿಂದ ಅಂಗಿ ಹಿಡಿದು ತಲೆಗೆ ಗುದ್ದಿದರು. ಮೂರ್ ಮುಖ ಅಡಿಯಾಗಿ ಮಂಜುಗಡ್ಡೆಗೆ ಬಿದ್ದರು. ಅವರ ಮೇಲೆ ಬರ್ಟುಜಿ ಬಿದ್ದರು. ಇನ್ನೂ ಕೆಲವರು ಬಿದ್ದರು.

ಎಲ್ಲರೂ ಎದ್ದರು. ಮೂರ್ ಏಳಲಿಲ್ಲ. ಸುಮಾರು ಹತ್ತು ನಿಮಿಷ ಅಲ್ಲೇ ಬಿದ್ದಿದ್ದರು. ಅವರನ್ನು ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಹೋದರು. ಕತ್ತಿನ 3 ಮೂಳೆ ಮುರಿದಿದ್ದವು. ತಲೆಗೂ ಜೋರು ಪೆಟ್ಟಾಗಿತ್ತು. ಅವರು ಆ ಲೀಗಿನಲ್ಲಿ ಮತ್ತೆಂದೂ ಆಡಲಿಲ್ಲ.

ಯಾರಿಗೆ ಏನು ಸಿಕ್ಕಿತು?

ನಾವು ಲೆಕ್ಕ ಹಾಕಿ ನೋಡೋಣ.

ಮೂರ್ ಅವರ ಆಟದ ಬದುಕು ಮುಗಿಯಿತು.

ಬರ್ಟುಜಿಯನ್ನು ಆಟದಿಂದ ಹೊರಗಿಟ್ಟರು. ಅವರ ಸಂಬಳ ಹೋಯಿತು. ಎರಡು ದಿನದ ಮೇಲೆ ಅವರು ಎಲ್ಲರ ಮುಂದೆ ಅಳುತ್ತಾ ಕ್ಷಮೆ ಕೇಳಿದರು. ಪೊಲೀಸು ಕೇಸಾಯಿತು. ಡಿಸೆಂಬರಿನಲ್ಲಿ ನ್ಯಾಯಾಲಯದಲ್ಲಿ ತಪ್ಪು ಒಪ್ಪಿಕೊಂಡರು. ಒಂದು ವರ್ಷ ನಿಗಾ, 80 ಗಂಟೆ ಸಮಾಜಸೇವೆ ಎಂದು ತೀರ್ಪಾಯಿತು. ಮೂರ್ ಹೂಡಿದ ಪರಿಹಾರದ ದಾವೆ ರಾಜಿಯಾದದ್ದು 2014ರಲ್ಲಿ. ಅಂದರೆ ಪೆಟ್ಟು ಬಿದ್ದು ಹತ್ತು ವರ್ಷ ಆದ ಮೇಲೆ.

ವ್ಯಾಂಕೂವರ್ ತಂಡಕ್ಕೆ ಎರಡೂವರೆ ಲಕ್ಷ ಡಾಲರ್ ದಂಡ ಬಿತ್ತು. ಆ ದಿನದ ಪಂದ್ಯವನ್ನು 9ಕ್ಕೆ 2ರಿಂದ ಸೋತರು. ಮುಂದಿನ ಮುಖ್ಯ ಪಂದ್ಯಗಳಲ್ಲಿ ಬರ್ಟುಜಿ ಇಲ್ಲದೆ ಆಡಿ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋದರು.

ಇನ್ನೊಂದು ಮಾತು ಗಮನಿಸಿ. ಯಾರ ಸಲುವಾಗಿ ಇಷ್ಟೆಲ್ಲ ಆಯಿತೋ ಆ ನಾಸ್ಲಂಡ್ ಆಗಲೇ ಗುಣವಾಗಿದ್ದರು. ಮಾರ್ಚ್ 8ರ ಪಂದ್ಯದಲ್ಲಿ ಅವರೂ ಆಡುತ್ತಿದ್ದರು!

"ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ" ಅಂತ ನಮ್ಮ ಹಿರಿಯರು ಹೇಳಿದ್ದು ಇದಕ್ಕೇ.

ಮುಷ್ಟಿ ಮಾಡದ ಕೆಲಸ ನಿಯಮ ಮಾಡಿತು

ಹಾಗಾದರೆ ಸುಮ್ಮನೆ ಪೆಟ್ಟು ತಿನ್ನಬೇಕೇ? ಖಂಡಿತ ಇಲ್ಲ. ಇನ್ನೊಂದು ಘಟನೆ ನೋಡಿ.

2010ರ ಮಾರ್ಚ್ 7. ಬಾಸ್ಟನ್ ತಂಡದ ಒಳ್ಳೆಯ ಆಟಗಾರ ಮಾರ್ಕ್ ಸವಾರ್ಡ್ ಅವರ ತಲೆಗೆ ಎದುರಾಳಿಯೊಬ್ಬರು ಕಾಣದ ಬದಿಯಿಂದ ಬಂದು ಗುದ್ದಿದರು. ಗುದ್ದಿದವರು ಯಾರು ಗೊತ್ತೇ? ಆರು ವರ್ಷದ ಹಿಂದೆ ಮೂರ್ ಜೊತೆ ಹೊಡೆದಾಡಿದ ಅದೇ ಮ್ಯಾಟ್ ಕುಕ್. ಈಗ ಅವರು ಪಿಟ್ಸ್‌ಬರ್ಗ್ ತಂಡದಲ್ಲಿದ್ದರು. ಆಗಲೂ ಶಿಕ್ಷೆ ಆಗಲಿಲ್ಲ. ಅಂಥ ಪೆಟ್ಟನ್ನು ತಡೆಯುವ ನಿಯಮವೇ ಇರಲಿಲ್ಲ.

ಮುಂದಿನ ಸಲ ಎರಡು ತಂಡ ಸೇರಿದಾಗ ಬಾಸ್ಟನ್ನಿನ ಶಾನ್ ಥಾರ್ನ್‌ಟನ್ ಕುಕ್ ಜೊತೆ ಮುಷ್ಟಿ ಕಾಳಗ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಕುಕ್ ಬದಲಾದರೇ? ಇಲ್ಲ. ಮರುವರ್ಷ ಇನ್ನೊಬ್ಬರ ತಲೆಗೆ ಮೊಣಕೈಯಿಂದ ಹೊಡೆದರು.

ಆದರೆ ಅಷ್ಟರಲ್ಲಿ ಒಂದು ಒಳ್ಳೆಯ ಕೆಲಸ ಆಗಿತ್ತು. ಸವಾರ್ಡ್‌ಗೆ ಪೆಟ್ಟಾದ ತಿಂಗಳಲ್ಲೇ ಲೀಗು ಹೊಸ ನಿಯಮ ತಂದಿತ್ತು. ಕಾಣದ ಬದಿಯಿಂದ ಬಂದು ತಲೆಗೆ ಗುರಿಯಿಟ್ಟು ಗುದ್ದಿದರೆ ಶಿಕ್ಷೆ. ತಲೆಯ ಪೆಟ್ಟನ್ನು ಎಲ್ಲರೂ ಗಂಭೀರವಾಗಿ ನೋಡತೊಡಗಿದರು. ಹಾಗಾಗಿ 2011ರಲ್ಲಿ ಕುಕ್ ಅವರನ್ನು ಉಳಿದ 10 ಪಂದ್ಯಗಳಿಂದಲೂ ಮುಖ್ಯ ಪಂದ್ಯಗಳ ಮೊದಲ ಸುತ್ತಿನಿಂದಲೂ ಹೊರಗಿಟ್ಟರು. ಆಮೇಲೆ ಅವರು ತಮ್ಮ ಆಟದ ರೀತಿ ತಿದ್ದಿಕೊಂಡರು. ಮರುವರ್ಷ ಅವರ ತಪ್ಪುಗಳು ಬಹಳ ಕಡಿಮೆಯಾದವು.

ಪಾಪ, ಸವಾರ್ಡ್‌ಗೆ ಆ ನಿಯಮ ತಡವಾಯಿತು. 2011ರ ಜನವರಿಯಲ್ಲಿ ಅವರ ತಲೆಗೆ ಮತ್ತೆ ಪೆಟ್ಟು ಬಿತ್ತು. ಆಮೇಲೆ ಅವರು ಆಡಲಿಲ್ಲ. ಆದರೆ ಅವರ ನಂತರ ಬಂದವರಿಗೆ ಆ ನಿಯಮ ಆಸರೆಯಾಯಿತು.

ಮೊದಲು ನೋಡಬೇಕಾದ್ದು ಯಾರನ್ನು?

ಪಿಟ್ಸ್‌ಬರ್ಗ್ ತಂಡದ ಸಿಡ್ನಿ ಕ್ರಾಸ್ಬಿ ದೊಡ್ಡ ಹೆಸರಿನ ಆಟಗಾರ. 2011ರ ಜನವರಿ 1ರಂದು ಅವರ ತಲೆಗೆ ಪೆಟ್ಟು ಬಿತ್ತು. ರಕ್ತ ಬರಲಿಲ್ಲ. ಅವರು ಎದ್ದು ಆಡಿದರು. ಜನವರಿ 5ರಂದು ಮತ್ತೆ ಆಡಲು ಇಳಿದರು. ಅಂದೂ ಪೆಟ್ಟು ಬಿತ್ತು. ಆಮೇಲೆ ಹತ್ತು ತಿಂಗಳಿಗೂ ಹೆಚ್ಚು ಕಾಲ ಆಡಲು ಆಗಲಿಲ್ಲ. ನವೆಂಬರ್ 21ಕ್ಕೆ ಮತ್ತೆ ಇಳಿದರು.

ತಲೆಯ ಒಳಗಿನ ಪೆಟ್ಟು ಹೊರಗೆ ಕಾಣುವುದಿಲ್ಲ. "ಏನೂ ಆಗಿಲ್ಲ, ಏಳು, ಓಡು" ಅನ್ನುವುದು ತಪ್ಪು. ಜೊತೆಗಾರರು "ನೀನು ಕೂತುಕೋ, ಡಾಕ್ಟರು ನೋಡಲಿ" ಅನ್ನಬೇಕು. ಈಗ ಅಲ್ಲಿಯ ಪಂದ್ಯಗಳಲ್ಲಿ ತಲೆಗೆ ಪೆಟ್ಟಾದ ಅನುಮಾನ ಬಂದರೆ ಆಟಗಾರನನ್ನು ಹೊರಗೆ ಕರೆದು ಪರೀಕ್ಷೆ ಮಾಡುತ್ತಾರೆ.

ಇದು ನಮಗೂ ಬೇಕಾದ ತಿಳಿವಳಿಕೆ. ಮಗು ಮರದಿಂದ ಬೀಳಬಹುದು. ಯಾರೋ ಬೈಕಿನಿಂದ ಬೀಳಬಹುದು. ಜಗಳದಲ್ಲಿ ಯಾರಿಗಾದರೂ ಪೆಟ್ಟಾಗಬಹುದು. ಆಗ ಈ ಮಾತು ನೆನಪಿಡಿ:

ತಲೆಗೆ, ಕತ್ತಿಗೆ ಪೆಟ್ಟಾದವರನ್ನು ಎಳೆದು ಕೂರಿಸಬೇಡಿ. ಅಲುಗಾಡಿಸಬೇಡಿ. ಕತ್ತು ನೀವಬೇಡಿ.

ಸುತ್ತ ಗುಂಪು ಕಟ್ಟಬೇಡಿ. ಒಬ್ಬರು ಪಕ್ಕದಲ್ಲಿದ್ದು ಮಾತಾಡಿಸುತ್ತಿರಿ. ಉಸಿರಾಟ ನೋಡುತ್ತಿರಿ.

ಇನ್ನೊಬ್ಬರು 108ಕ್ಕೆ ಫೋನ್ ಮಾಡಿ.

ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಬರುವುದು, ಫಿಟ್ಸ್. ಇವುಗಳಲ್ಲಿ ಒಂದು ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಇವು ಕೆಲವು ಗಂಟೆ ಬಿಟ್ಟೂ ಕಾಣಿಸಬಹುದು.

ಒಳ್ಳೆಯ ಜೊತೆಗಾರರು

ಹಿಮದ ಹಾಕಿಯಲ್ಲಿ ಪೆಟ್ಟಿಗೆ ಇನ್ನೊಂದು ಉತ್ತರವೂ ಇದೆ. ತಪ್ಪು ಮಾಡಿದವರು ಹೊರಗೆ ಕೂತಾಗ ಅವರ ತಂಡಕ್ಕೆ ಒಬ್ಬರು ಕಡಿಮೆ ಅಲ್ಲವೇ? ಆಗ ಜೋರಾಗಿ ಆಡಿ ಗೋಲು ಹೊಡೆಯುವುದು. ತಿರುಗಿ ಹೊಡೆದರೆ ನಮ್ಮವರೂ ಹೊರಗೆ ಕೂರಬೇಕು. ಆ ಅನುಕೂಲ ಕೈತಪ್ಪುತ್ತದೆ.

ಹಾಗಾದರೆ ಒಳ್ಳೆಯ ಜೊತೆಗಾರರು ಏನು ಮಾಡುತ್ತಾರೆ? ಮೊದಲು ಬಿದ್ದವರ ಬಳಿ ನಿಲ್ಲುತ್ತಾರೆ. ಆಮೇಲೆ ರೆಫ್ರಿಗೆ ದೂರು ಹೇಳುತ್ತಾರೆ. ನಿಯಮ ಸಾಲದಿದ್ದರೆ "ನಿಯಮ ಬದಲಿಸಿ" ಅಂತ ಎಲ್ಲರೂ ಸೇರಿ ಕೇಳುತ್ತಾರೆ. ಇದಕ್ಕೂ ಧೈರ್ಯ ಬೇಕು. ಮುಷ್ಟಿ ಎತ್ತುವುದಕ್ಕಿಂತ ಹೆಚ್ಚು ಧೈರ್ಯ ಬೇಕು.

ನಮ್ಮ ಓಣಿಯಲ್ಲಿ, ನಮ್ಮ ಸಂಘದಲ್ಲಿ ಒಬ್ಬಳಿಗೆ ಏಟು ಬಿದ್ದರೆ ನಾವೂ ಅವಳ ಜೊತೆಗಾರರೇ. ಅವಳ ಗಾಯ ಮೊದಲು ನೋಡೋಣ. ಆಮೇಲೆ ದೂರು ಬರೆಯೋಣ. ಈಗ ನಮಗೆ ಬರೆಯಲು ಬರುತ್ತದೆ. ಬರೆದ ದೂರಿಗೆ ಎಲ್ಲರೂ ಸಹಿ ಹಾಕಿ, ಎಲ್ಲರೂ ಒಟ್ಟಿಗೆ ಹೋಗಿ ಕೊಡೋಣ.

ಕೂತು ಮಾತಾಡೋಣ

1. ಸ್ಟೀವ್ ಮೂರ್ ಬಿದ್ದಾಗ ಸುತ್ತ ಇದ್ದವರು ಏನು ಮಾಡಬೇಕಿತ್ತು?
2. ಮ್ಯಾಟ್ ಕುಕ್ ಆಟದ ರೀತಿ ತಿದ್ದಿಕೊಂಡದ್ದು ಯಾವಾಗ? ಏಕೆ?
3. ನಮ್ಮ ಊರಿನಲ್ಲಿ ಸೇಡಿನಿಂದ ಬೆಳೆದ ಜಗಳ ನಿಮಗೆ ಗೊತ್ತೇ? ಅದು ಎಲ್ಲಿ ನಿಲ್ಲಬಹುದಿತ್ತು?